ಅಪ್‌ಡೇಟ್: ಸ್ಕೋಬಿ ಮನೆಯಲ್ಲೇ ಕಟ್ಟಿತು!

ಕೊಂಬುಚಾ (ಸಿಹಿ ಚಹಾ ಹುದುಗಿಸಿ ಮಾಡುವ ಹುಳಿ ಪಾನೀಯ) ಮಾಡಲು ಸ್ಕೋಬಿ (ಬ್ಯಾಕ್ಟೀರಿಯಾ, ಯೀಸ್ಟ್ ಕೂಡಿ ಅದರ ಮೇಲೆ ಕಟ್ಟುವ ಪೊರೆ) ಎಲ್ಲಿ ಸಿಗುತ್ತೆ, ಅಂಗಡಿಯ ಬಾಟಲಿ ಕೊಂಬುಚಾದಿಂದಲೇ ಬೆಳೆಸಬಹುದಾ ಅಂತ ಕೇಳಿದ್ದೆ. ಖಂಡಿತ ಬೆಳೆಸಬಹುದು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನೀವು ಹೇಳಿದ ಹಾಗೆ ಪಾಶ್ಚರೀಕರಿಸದ (ಅಂದರೆ ಸೂಕ್ಷ್ಮಜೀವಿಗಳು ಸಾಯುವಂತೆ ಬಿಸಿ ಮಾಡದ), ಯಾವ ಫ್ಲೇವರೂ ಹಾಕದ ಬಾಟಲಿಯನ್ನೇ ಹುಡುಕಿದೆ. ಲೇಬಲ್ ಪೂರ್ತಿ ಓದಲೇಬೇಕು, ಪಾಶ್ಚರೀಕರಿಸಿದ್ದರಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಎರಡೂ ಸತ್ತಿರುತ್ತವೆ. ಅರ್ಧ ಲೀಟರ್ ಕಪ್ಪು ಚಹಾ, 35 ಗ್ರಾಂ ಸಕ್ಕರೆ, ಪೂರ್ತಿ ಆರಿದ ಮೇಲೆ ತಳದ ಗಸಿ ಸಮೇತ ಇಡೀ ಬಾಟಲಿ. ಗಾಜಿನ ಜಾಡಿಗೆ ಬಿಗಿ ನೇಯ್ಗೆಯ ಬಟ್ಟೆ ಕಟ್ಟಿ, ಬಿಸಿಲು ಬೀಳದ ಕಡೆ ಅಲುಗಾಡಿಸದೆ ಇಟ್ಟೆ.

ಮೊದಲು ಮೇಲ್ಮೈಯಲ್ಲಿ ಹಾಲಿನ ಕೆನೆಯಷ್ಟು ತೆಳು ಪೊರೆ. ಅಲ್ಲಲ್ಲಿ ಬಿಳಿ ಚುಕ್ಕೆ, ಕೆಳಗೆ ಜೋತಾಡುವ ಕಂದು ಎಳೆಗಳು. ಎಳೆಗಳು ಯೀಸ್ಟ್, ಭಯ ಬೇಡ. ಬೂಷ್ಟು ಬೇರೆಯೇ: ಒಣಗಿದಂತೆ, ರೋಮ ರೋಮವಾಗಿ, ಹಸಿರು, ಕಪ್ಪು ಅಥವಾ ಬಿಳಿ ಬಣ್ಣದಲ್ಲಿ ಮೇಲ್ಭಾಗದಲ್ಲೇ ಬರುತ್ತೆ. ಬಂದರೆ ದ್ರವವನ್ನೂ ಸೇರಿಸಿ ಎಲ್ಲವನ್ನೂ ಚೆಲ್ಲಬೇಕು. ನನ್ನದರಲ್ಲಿ ಬರಲಿಲ್ಲ. ಈಗ ಪೊರೆ ಬೆರಳಿನ ದಪ್ಪಕ್ಕಿದೆ, ವಿನೆಗರ್ ವಾಸನೆ ಘಮ್ಮೆನ್ನುತ್ತೆ.

ಸ್ಕೋಬಿ ಹುಡುಕುತ್ತಿರುವವರು ಒಂದು ಗಮನಿಸಿ: ನಿಜವಾದ ಹೆಪ್ಪು ಆ ಪೊರೆಯಲ್ಲ, ಹುಳಿ ದ್ರವ. ಸೂಕ್ಷ್ಮಜೀವಿಗಳು ಅದರಲ್ಲೇ ದಂಡಿಯಾಗಿರುತ್ತವೆ, ಶುರುವಿನಲ್ಲೇ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.5ಕ್ಕಿಂತ ಕೆಳಗಿಳಿಸಿ ಬೂಷ್ಟನ್ನು ತಡೆಯುವುದೂ ಅದೇ. ಯಾರಾದರೂ ಬರೀ ಪೊರೆ ಕೊಟ್ಟರೆ ದ್ರವವನ್ನೂ ಕೇಳಿ ಪಡೆಯಿರಿ. ಮುಂದಿನ ಸಲ ಮಾಡುವ ಪ್ರಮಾಣದ ಕನಿಷ್ಠ ಹತ್ತನೇ ಒಂದು ಭಾಗದಷ್ಟು ಈ ದ್ರವ ಎತ್ತಿಡಿ. ನಾನು ಸ್ವಲ್ಪ ಜಾಸ್ತಿಯೇ ಎತ್ತಿಟ್ಟು ದೊಡ್ಡ ಜಾಡಿಗೆ ಹಾಕಿದ್ದೀನಿ.