ಒಡೆದ ಅಯೋರ್ಟಾಗೆ ತೊಡೆಸಂದಿನಿಂದ ಸ್ಟೆಂಟ್: ಬಿಪಿ ಯಾಕೆ ಏರಿಸಲಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮ ದೊಡ್ಡಪ್ಪನಿಗೆ 72 ವರ್ಷ. ಬೀಡಿ ಜಾಸ್ತಿ. ಕಳೆದ ತಿಂಗಳು ಇದ್ದಕ್ಕಿದ್ದಂತೆ ಬೆನ್ನುನೋವು ಬಂದು ಕುಸಿದುಬಿದ್ದರು. ಸಿಟಿ ಸ್ಕ್ಯಾನ್ ಮಾಡಿ, ಹೊಟ್ಟೆಯೊಳಗಿನ ಅಯೋರ್ಟಾ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಉಬ್ಬಿ ಒಡೆದಿದೆ ಅಂದರು. ಬಿಪಿ 80ಕ್ಕೆ ಇಳಿದಿದ್ದರೂ ಡ್ರಿಪ್ ಜೋರಾಗಿ ಬಿಡಲಿಲ್ಲ. ಮೈಮರೆಸದೆ, ಹೊಟ್ಟೆ ಕುಯ್ಯದೆ, ತೊಡೆಸಂದಿನಿಂದ ಸ್ಟೆಂಟ್ ಹಾಕಿದರು. ಈಗ ಮನೆಗೆ ಬಂದಿದ್ದಾರೆ. ಆದರೂ ಅವತ್ತು ನಿರ್ಲಕ್ಷ್ಯ ಆಯ್ತಾ ಅಂತ ಅವರ ಮಗನಿಗೆ ಅನುಮಾನ.

ಉತ್ತರ (ರಕ್ತನಾಳ ಸರ್ಜನ್): ಮನೆಗೆ ಬಂದರು ಅಂತ ಓದಿ ತುಂಬಾ ಸಂತೋಷವಾಯಿತು. ಇದು ಒಡೆದವರಲ್ಲಿ ಎಷ್ಟೋ ಜನ ಆಸ್ಪತ್ರೆಯನ್ನೇ ಮುಟ್ಟುವುದಿಲ್ಲ. ನೀವು ಬರೆದಿರುವುದರಲ್ಲಿ ನನಗೆ ನಿರ್ಲಕ್ಷ್ಯ ಕಾಣುತ್ತಿಲ್ಲ. ಎಲ್ಲವೂ ಬೇಕೆಂದೇ ಮಾಡಿದ್ದು.

ಒಡೆದ ಜಾಗದಲ್ಲಿ ರಕ್ತ ಬೆನ್ನಿನ ಕಡೆ ಸೋರಿ ಹೆಪ್ಪುಗಟ್ಟುತ್ತದೆ. ಸ್ವಲ್ಪ ಹೊತ್ತು ಪ್ರಾಣ ಹಿಡಿದಿಡುವುದು ಆ ಹೆಪ್ಪೇ. ಡ್ರಿಪ್ ಜೋರಾಗಿ ಬಿಟ್ಟು ಬಿಪಿಯನ್ನು 120ಕ್ಕೆ ತಂದರೆ ಹೆಪ್ಪು ಕಿತ್ತುಬರಬಹುದು. ರಕ್ತವೂ ತೆಳುವಾಗಿ ಹೆಪ್ಪುಗಟ್ಟುವ ಶಕ್ತಿ ತಗ್ಗುತ್ತದೆ. ರೋಗಿ ಮಾತಾಡುತ್ತಾ, ಮನೆಯವರನ್ನು ಗುರುತಿಸುತ್ತಾ ಇದ್ದರೆ ಮೇಲಿನ ಬಿಪಿ 70ರಿಂದ 90 ಇದ್ದರೂ ನಾವು ತಡೆದುಕೊಳ್ಳುತ್ತೇವೆ.

ಪೂರ್ತಿ ಮೈಮರೆಸಿದರೆ ಹೊಟ್ಟೆಯ ಬಿಗಿ ಸಡಿಲವಾಗುತ್ತದೆ, ಬಿಪಿ ದಬಕ್ಕನೆ ಬೀಳುತ್ತದೆ. ಅದಕ್ಕೇ ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಮಡಚಿದ ಬಟ್ಟೆಯ ಕೊಳವೆಯನ್ನು, ಅಂದರೆ ಸ್ಟೆಂಟನ್ನು, ಎಕ್ಸ್‌ರೇ ನೋಡುತ್ತಾ ಮೇಲೆ ಕಳಿಸಿ, ಕಿಡ್ನಿ ನಾಳಗಳ ಕೆಳಗೆ ಬಿಚ್ಚುತ್ತೇವೆ. ರಕ್ತ ಅದರೊಳಗೆ ಹರಿಯುತ್ತದೆ, ಒಡೆದ ಗೋಡೆಯ ಮೇಲೆ ಒತ್ತಡ ಇಳಿಯುತ್ತದೆ. ಮಧ್ಯೆ ಬಿಪಿ ಕೈಕೊಟ್ಟರೆ ಅಯೋರ್ಟಾದೊಳಗೆ ಬಲೂನ್ ಉಬ್ಬಿಸಿ ಹರಿವನ್ನೇ ತಡೆಯುತ್ತೇವೆ. ಒಡೆಯದ ಉಬ್ಬಿಗೆ ಈ ವಿಧಾನವನ್ನು 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಡಾ. ಹುವಾನ್ ಪರೋಡಿ ಮಾಡಿದರು. ಒಡೆದದ್ದಕ್ಕೆ ಬಳಸಿದ್ದು ಕೆಲವು ವರ್ಷಗಳ ನಂತರ.

ಎಲ್ಲರಿಗೂ ಇದು ಆಗುವುದಿಲ್ಲ. ಕಿಡ್ನಿ ನಾಳದ ಕೆಳಗೆ ಸ್ಟೆಂಟ್ ಹಿಡಿದುಕೊಳ್ಳಲು ಸ್ವಲ್ಪವಾದರೂ ಆರೋಗ್ಯವಾದ ಭಾಗ ಬೇಕು. ಇಲ್ಲದಿದ್ದರೆ ಹೊಟ್ಟೆ ಕುಯ್ಯಲೇಬೇಕು. ಮುಖ್ಯವಾಗಿ ಬ್ರಿಟನ್ನಿನಲ್ಲಿ 613 ರೋಗಿಗಳ ಮೇಲೆ ನಡೆದ ಇಂಪ್ರೂವ್ ಎಂಬ ಅಧ್ಯಯನದಲ್ಲಿ 30 ದಿನಗಳ ಸಾವಿನ ಪ್ರಮಾಣ ಸ್ಟೆಂಟ್ ಕಡೆಯೂ ಹೊಟ್ಟೆ ಕುಯ್ಯುವ ಕಡೆಯೂ ಹೆಚ್ಚುಕಮ್ಮಿ ಒಂದೇ ಇತ್ತು. ಮೂರು ವರ್ಷದ ಲೆಕ್ಕದಲ್ಲಿ ಸ್ಟೆಂಟ್ ಕಡೆಯವರು ಜಾಸ್ತಿ ಉಳಿದಿದ್ದರು.

ಪ್ರಶ್ನೆ: ಹಾಗಾದರೆ ಇನ್ನು ಭಯ ಇಲ್ಲ ಅಲ್ವಾ ಸರ್?

ಉತ್ತರ: ಹಾಗೆ ಬಿಟ್ಟುಬಿಡಬೇಡಿ. ಸ್ಟೆಂಟಿನ ಅಂಚಿನಲ್ಲೋ ಪಕ್ಕದ ಸಣ್ಣ ನಾಳದಿಂದಲೋ ಉಬ್ಬಿನೊಳಗೆ ಮತ್ತೆ ರಕ್ತ ನುಗ್ಗಬಹುದು. ನೋವೇ ಇರುವುದಿಲ್ಲ. ಅದಕ್ಕೆ ಜೀವನಪೂರ್ತಿ ಸ್ಕ್ಯಾನ್ ತಪ್ಪಿಸಬಾರದು. ಬೀಡಿ ಇವತ್ತೇ ನಿಲ್ಲಬೇಕು.

ಇನ್ನೊಂದು ಮಾತು. ಅವರು ನಿಮ್ಮ ತಂದೆಯ ಒಡಹುಟ್ಟಿದ ಅಣ್ಣನಾ? ಹಾಗಿದ್ದರೆ ತಂದೆಯವರಿಗೂ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಈ ಕಾಯಿಲೆ ಮನೆತನದಲ್ಲಿ ಬರುತ್ತದೆ. ಅಯೋರ್ಟಾದ ಅಗಲ 3 ಸೆಂಟಿಮೀಟರ್ ದಾಟಿದ್ದರೆ ರಿಪೋರ್ಟ್ ಹಿಡಿದು ಹತ್ತಿರದ ರಕ್ತನಾಳ ತಜ್ಞರನ್ನು ನೋಡಿ.