ಡೇಟಾ ನಾರ್ಮಲ್ (ಸರಾಸರಿಯ ಸುತ್ತ ಗಂಟೆ ಆಕಾರದಲ್ಲಿ ಹರಡಿರೋದು) ಆಗಿದೆಯಾ ಇಲ್ವಾ ಅಂತ ಕಂಡುಹಿಡಿಯೋದು ಹೇಗೆ?

ಪ್ರಶ್ನೆ
ಎರಡು ಕಾಲಂ ಇದೆ, ಸುಮಾರು 4000 ಸಾಲು. ಒಂದು ವಯಸ್ಕರ ಎತ್ತರ ಸೆಂಟಿಮೀಟರ್‌ನಲ್ಲಿ, ಇನ್ನೊಂದು ಫೋನ್ ಲೈನಲ್ಲಿ ಕಾದ ಸಮಯ (ಸರಾಸರಿ 6 ನಿಮಿಷ, ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದ್ರೆ ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆ, 5.8). ಎತ್ತರದ ಹಿಸ್ಟೋಗ್ರಾಮ್ (ಕಂಬಗಳ ಚಿತ್ರ) ಬಿನ್, ಅಂದ್ರೆ ಕಂಬದ ಅಗಲ, ಬದಲಾಯಿಸಿದಾಗೆಲ್ಲ ಬೇರೆ ಬೇರೆ ಥರ ಕಾಣತ್ತೆ. ನಾರ್ಮಲ್ ಹೌದಾ ಅಂತ ನೋಡೋ ಶಾಪಿರೋ-ವಿಲ್ಕ್ ಟೆಸ್ಟ್ ಹಾಕಿದ್ರೆ ಎರಡಕ್ಕೂ ಪಿ ವ್ಯಾಲ್ಯೂ 0.05ಕ್ಕಿಂತ ಎಷ್ಟೋ ಕಮ್ಮಿ, ಅಂದ್ರೆ ಎರಡೂ ನಾರ್ಮಲ್ ಅಲ್ಲ ಅನ್ನತ್ತೆ. ಎತ್ತರ ನಾರ್ಮಲ್ ಅಂತಾನೇ ಓದಿದ್ದು, ಹಾಗಾದ್ರೆ ಯಾವುದನ್ನ ನಂಬೋದು?

ಉತ್ತರ 1
ಟೆಸ್ಟ್ ಕೊನೆಗೆ ನೋಡಿ, ಮೊದಲು ಈ ನಂಬರ್ ಹುಟ್ಟಿದ್ದು ಹೇಗೆ ಅಂತ ಯೋಚಿಸಿ. ಸಣ್ಣ ಸಣ್ಣ ಕಾರಣಗಳು ತುಂಬಾ ಇದ್ದು, ಒಂದಕ್ಕೊಂದು ಸಂಬಂಧ ಇಲ್ದೆ, ಯಾವುದೂ ಉಳಿದದ್ದನ್ನ ನುಂಗದೆ, ಎಲ್ಲಾ ಕೂಡ್ಕೊಂಡು ಒಂದು ನಂಬರ್ ಆದ್ರೆ ಅದು ನಾರ್ಮಲ್ ಹತ್ರ ಬರತ್ತೆ. ಎತ್ತರ, ಅಳತೆಯ ತಪ್ಪುಗಳು ಈ ಜಾತಿ. ಕೂಡೋ ಬದಲು ಗುಣಿಸ್ತಾ ಹೋದ್ರೆ, ಆದಾಯದ ಥರ, ಬಲಗಡೆ ಬಾಲ ಉದ್ದ ಆಗತ್ತೆ, ಅಂಥದ್ದಕ್ಕೆ ಲಾಗ್ (ಲಾಗರಿದಮ್) ತಗೊಂಡು ನೋಡಿ.

ಕಾದ ಸಮಯಕ್ಕಂತೂ ಟೆಸ್ಟೇ ಬೇಡ. ಸರಾಸರಿ 6, ಡೀವಿಯೇಶನ್ 5.8 ಇರೋದು ನಾರ್ಮಲ್ ಆಗಿದ್ರೆ ನೂರಕ್ಕೆ ಸುಮಾರು 15 ಜನ ಸೊನ್ನೆಗಿಂತ ಕಮ್ಮಿ ನಿಮಿಷ ಕಾದಿರಬೇಕಿತ್ತು! ಸರಾಸರಿ, ಡೀವಿಯೇಶನ್ ಎರಡೂ ಹೆಚ್ಚುಕಮ್ಮಿ ಒಂದೇ ಇದೆ ಅಂದ್ರೆ ಎಕ್ಸ್‌ಪೊನೆನ್ಶಿಯಲ್ (ಸೊನ್ನೆ ಹತ್ರ ಅತಿ ಹೆಚ್ಚು, ಮುಂದೆ ಹೋದಂತೆ ಕಮ್ಮಿಯಾಗೋ ಹರಡುವಿಕೆ) ಇರಬಹುದಾ ಅಂತ ನೋಡಿ.

ಉತ್ತರ 2
ಎತ್ತರದಲ್ಲಿ ಗಂಡಸರು ಹೆಂಗಸರು ಸೇರಿದ್ದಾರಾ? ಬೇರೆ ಬೇರೆ ನೋಡಿದ್ರೆ ಎರಡೂ ನಾರ್ಮಲ್‌ಗೆ ಹತ್ರ, ಬೆರೆಸಿದ್ರೆ ಅಲ್ಲ. ಎರಡು ಗುಂಪಿದ್ರೆ ಎರಡು ಗುಡ್ಡ ಕಾಣಬೇಕು ಅಂತ ತುಂಬಾ ಜನ ಅಂದ್ಕೋತಾರೆ, ಆದ್ರೆ ಗುಂಪುಗಳು ಸಮ ಇದ್ದು ಸರಾಸರಿಗಳ ಅಂತರ ಒಂದು ಗುಂಪಿನ ಡೀವಿಯೇಶನ್‌ನ ಎರಡು ಪಟ್ಟು ದಾಟದಿದ್ರೆ ಗುಡ್ಡ ಒಂದೇ, ತಲೆ ಮಾತ್ರ ಚಪ್ಪಟೆ.

ಬೇರೆ ಮಾಡಿದ ಮೇಲೆ ಕ್ಯೂ-ಕ್ಯೂ ಪ್ಲಾಟ್ (ನಿಮ್ಮ ನಂಬರ್‌ಗಳನ್ನ, ನಾರ್ಮಲ್ ಆಗಿದ್ರೆ ಬರಬೇಕಿದ್ದ ನಂಬರ್‌ಗಳ ಎದುರು ಚುಕ್ಕಿ ಇಟ್ಟು ನೋಡೋ ಚಿತ್ರ) ಹಾಕಿ, ಬಿನ್ ತಲೆನೋವೇ ಇಲ್ಲ. ಚುಕ್ಕಿಗಳು ನೇರ ಗೆರೆ ಮೇಲೆ ಕೂತ್ರೆ ಸರಿ, ಬಿಲ್ಲಿನ ಥರ ಬಾಗಿದ್ರೆ ಒಂದು ಕಡೆ ವಾಲಿದೆ, ಎರಡೂ ತುದಿ ಗೆರೆ ಬಿಟ್ಟು ಎದುರುಬದುರು ದಿಕ್ಕಿಗೆ ಹೋದ್ರೆ ಬಾಲ ದಪ್ಪ ಅಥವಾ ತೆಳು. ತುದೀಲಿ ಸ್ವಲ್ಪ ಅಲ್ಲಾಡೋದು ಸಹಜ. ಎಷ್ಟು ಅಲ್ಲಾಡಬಹುದು ಅಂತ ತಿಳಿಬೇಕಾದ್ರೆ ಅಷ್ಟೇ ಸಾಲಿನ ನಿಜವಾದ ನಾರ್ಮಲ್ ಸ್ಯಾಂಪಲ್‌ಗಳನ್ನ ಕಂಪ್ಯೂಟರ್‌ನಲ್ಲೇ ಹುಟ್ಟಿಸಿ ಪಕ್ಕದಲ್ಲಿಟ್ಟು ನೋಡಿ, ಕಣ್ಣು ಪಳಗೋದು ಹಾಗೇ.

ಪ್ರಶ್ನೆ ಕೇಳಿದವರು
ಹೌದು ಸೇರಿದ್ರು, ಬೇರೆ ಮಾಡಿದೆ. ಎರಡೂ ಗೆರೆ ಮೇಲೆ ಚೆನ್ನಾಗಿ ಕೂತಿದೆ, ಆದ್ರೂ ಶಾಪಿರೋ ಮಾತ್ರ ಒಪ್ತಿಲ್ಲ.

ಉತ್ತರ 1
ಎತ್ತರ ಪೂರ್ಣ ಸೆಂಟಿಮೀಟರ್‌ಗೆ ರೌಂಡ್ ಆಗಿರಬೇಕು, ಒಂದೇ ನಂಬರ್ ಮತ್ತೆ ಮತ್ತೆ ಬಂದ್ರೆ ಅದಕ್ಕೂ ಈ ಟೆಸ್ಟ್ ಇಲ್ಲ ಅನ್ನತ್ತೆ. ಸಾವಿರಗಟ್ಲೆ ಸಾಲಿದ್ರೆ ಲೆಕ್ಕಕ್ಕೆ ಬಾರದಷ್ಟು ಸಣ್ಣ ವ್ಯತ್ಯಾಸವೂ ಸಿಕ್ಕಿಬೀಳತ್ತೆ, ಹತ್ತೇ ಸಾಲಿದ್ರೆ ದೊಡ್ಡದೂ ತಪ್ಪಿಸ್ಕೊಳ್ಳತ್ತೆ. ಅಂದಹಾಗೆ ಇದು ರಿಗ್ರೆಶನ್‌ಗೆ (ಒಂದು ಕಾಲಂನಿಂದ ಇನ್ನೊಂದನ್ನ ಅಂದಾಜು ಮಾಡೋದಕ್ಕೆ) ಅಂತಾದ್ರೆ ಕಾಲಂ ನಾರ್ಮಲ್ ಇರಬೇಕಾಗೇ ಇಲ್ಲ, ರೆಸಿಡ್ಯುಯಲ್ಸ್‌ನ (ನಿಜವಾದ ನಂಬರ್‌ಗೂ ಅಂದಾಜಿಗೂ ಇರೋ ವ್ಯತ್ಯಾಸಗಳ) ಕ್ಯೂ-ಕ್ಯೂ ಹಾಕಿ ನೋಡಿ.