ಊಟ ಇಟಲೀಲಿ, ಜಪ ಇಂಡಿಯಾದಲ್ಲಿ

ಭಾನುವಾರ ಸಂಜೆ ರಾಮಣ್ಣನ ಮನೆ ಜಗಲಿ ಮೇಲೆ ಕಿಟ್ಟಿ ಕಣ್ಮುಚ್ಕೊಂಡು ಪದ್ಮಾಸನ ಹಾಕಿ ಕೂತಿದ್ದ, ಪೂರ್ತಿ ಪದ್ಮಾಸನ ಏನಲ್ಲ, ಹೊಟ್ಟೆ ಅಡ್ಡ ಬಂದು ಒಂದು ಕಾಲು ಕೆಳಗೆ ನೇತಾಡ್ತಿತ್ತು.

"ಏನಾಯ್ತು ಇವನಿಗೆ?" ಅಂದ ಸೀನ.

"ರಾತ್ರಿ ಜೂಲಿಯಾ ರಾಬರ್ಟ್ಸ್ ಸಿನಿಮಾ ನೋಡಿದಾನೆ, 2010ರ 'ಈಟ್ ಪ್ರೇ ಲವ್'. ಬೆಳಗ್ಗೆಯಿಂದ ಹಿಂಗೇ" ಅಂದ್ರು ರಾಮಣ್ಣ.

ಕಿಟ್ಟಿ ಒಂದು ಕಣ್ಣು ಬಿಟ್ಟ. "ನಗಬೇಡ್ವೋ. ಡೈವರ್ಸ್ ಆಗಿ ನೊಂದ್ಕೊಂಡಿರ್ತಾಳೆ ಪಾಪ. ಇಟಲಿಗೆ ಹೋಗಿ ಚೆನ್ನಾಗಿ ತಿಂತಾಳೆ, ಇಂಡಿಯಾಕ್ಕೆ ಬಂದು ಆಶ್ರಮದಲ್ಲಿ ಧ್ಯಾನ ಮಾಡ್ತಾಳೆ, ಆಮೇಲೆ ಬಾಲಿಗೆ ಹೋಗಿ ಲವ್ ಮಾಡ್ತಾಳೆ. ದೇವರ ವಿಷಯ ಬಂದ್ರೆ ನಾವೇ ಬೇಕು, ನೋಡು ನಮ್ ಮರ್ಯಾದೆ!"

"ನನ್ನ ಹೊಟ್ಟೆಯುರಿ ಅದೇ ಕಣೋ" ಅಂದ ಸೀನ. "ಊಟಕ್ಕೆ ಇಟಲಿ, ಪ್ರೀತಿಗೆ ಬಾಲಿ, ನಮ್ ಪಾಲಿಗೆ ಬರೀ ಜಪ! ಅವಳಿಗೊಂದು ಬಿಸಿಬೇಳೆ ಬಾತ್ ಹಾಕೋರು ಈ ದೇಶದಲ್ಲಿ ಯಾರೂ ಇರ್ಲಿಲ್ವಾ?"

"ಶೂಟಿಂಗ್ ಆಗಿದ್ದು ಹರಿಯಾಣದ ಪಟೌಡಿ ಹತ್ರ, ಅಲ್ಲೆಲ್ಲಿ ಬಿಸಿಬೇಳೆ ಬಾತು?"

"ಹೋಗ್ಲಿ, ಬೆಣ್ಣೆ ಹಾಕಿ ಒಂದು ಪರೋಟಾ?"

"ಊಟ ಅಲ್ಲ ಮುಖ್ಯ. ಅವಳು ನೆಲ ಉಜ್ಜುತಾಳೆ ಕಣೋ ಆಶ್ರಮದಲ್ಲಿ. ಸೇವೆ. ಅಹಂಕಾರ ಕರಗೋಗುತ್ತೆ."

ಕಾಫಿ ತಂದ ಪದ್ಮಕ್ಕ ಬಾಗಿಲಲ್ಲೇ ನಿಂತ್ರು. "ಮೂವತ್ತು ವರ್ಷದಿಂದ ಇದೇ ಮನೆ ನೆಲ ಒರೆಸ್ತಾ ಇದೀನಿ, ಕರಗಿದ್ದು ಮಂಡಿಚಿಪ್ಪು ಒಂದೇ. ಕ್ಯಾಮೆರಾ ಇಟ್ಕೊಂಡು ಯಾರೂ ಬರ್ಲಿಲ್ಲ."

ರಾಮಣ್ಣ ತಕ್ಷಣ ಮಾತು ತಿರುಗಿಸಿದ್ರು. "ಊಟ ಹಾಕಿಲ್ಲ ಅಂತ ಹೇಳಬೇಡ ಸೀನ. 1984ರ ಇಂಡಿಯಾನಾ ಜೋನ್ಸ್ ಪಿಕ್ಚರಲ್ಲಿ ನಮ್ ದೇಶದ ಅರಮನೆ ಊಟಾನೇ ಇದ್ಯಲ್ಲ, ಹಾವು, ಕಣ್ಣುಗುಡ್ಡೆ ಸೂಪು, ಕೊನೇಗೆ ತಣ್ಣಗಿರೋ ಕೋತಿ ಮಿದುಳು. ನಮ್ ಸರ್ಕಾರ ಪರ್ಮಿಷನ್ ಕೊಡ್ದೆ ಶ್ರೀಲಂಕಾಗೆ ಹೋಗಿ ತೆಗೆದ್ರು."

"ಆಯ್ತಲ್ಲ, ಕೋತಿ ಮಿದುಳು ಇಲ್ಲಾಂದ್ರೆ ಉಪವಾಸ! ಮಧ್ಯದಲ್ಲಿ ಒಂದು ಅನ್ನ ಸಾರು ಅನ್ನೋದೇ ಇಲ್ಲ. ಇಂಗ್ಲೆಂಡಿನ ಹಾಡುಗಾರರ ಬೀಟಲ್ಸ್ ಗುಂಪಿನ ರಿಂಗೋನೇ ಜಾಣ, 1968ರಲ್ಲಿ ಧ್ಯಾನ ಕಲಿಯೋಕೆ ಋಷಿಕೇಶಕ್ಕೆ ಬರೋವಾಗ ಮನೆಯಿಂದಾನೇ ಬೇಯಿಸಿದ ಬೀನ್ಸ್ ಡಬ್ಬ ತಂದಿದ್ದ. ಹತ್ತು ದಿನಕ್ಕೆ ವಾಪಸ್."

"'ದಿ ಡಾರ್ಜೀಲಿಂಗ್ ಲಿಮಿಟೆಡ್' ನೋಡು, 2007ರದ್ದು" ಅಂದ ಕಿಟ್ಟಿ, ಕಾಲು ಜೋಮು ಹಿಡಿದು ಆಸನ ಬಿಟ್ಟಾಗಿತ್ತು. "ಮೂವರು ಅಣ್ಣತಮ್ಮಂದಿರು ಶಾಂತಿ ಹುಡುಕ್ಕೊಂಡು ರೈಲಲ್ಲಿ ಬರ್ತಾರೆ, ಟೈಮ್‌ಟೇಬಲ್ ಲ್ಯಾಮಿನೇಟ್ ಮಾಡಿಸ್ಕೊಂಡು."

"ನೋಡಿದೀನಿ. ಡಾರ್ಜೀಲಿಂಗ್ ಅಂತ ಹೆಸರು, ಓಡಾಡೋದು ರಾಜಸ್ಥಾನದಲ್ಲಿ. ಕುಡಿಯೋಕೆ ಮೋಸಂಬಿ ಶರಬತ್ತು ಕೊಡ್ತಾರೆ, ಅಷ್ಟಾದ್ರೂ ಪುಣ್ಯ. ಆದ್ರೆ ಅದ್ರಲ್ಲಿ ಒಬ್ಬ ಹಳ್ಳಿ ಹುಡುಗ ನದೀಲಿ ಹೋಗ್ಬಿಡ್ತಾನಲ್ಲ, ಅವನ ಮಣ್ಣಿಗೆ ಹೋಗಿ ಬಂದ್ಮೇಲೆ ಆ ಮೂವರ ಮನಸ್ಸು ತಿಳಿಯಾಗೋದು. ಅವರಿಗೆ ಶಾಂತಿ ಸಿಗೋಕೆ ನಮ್ಮೋನೊಬ್ಬ ಸಾಯ್ಬೇಕಾಯ್ತು. ಆ ಹುಡುಗನ ಅಪ್ಪ ಆಮೇಲೆ ಏನ್ಮಾಡ್ದ? ಅದಕ್ಕೆ ರೀಲು ಇಲ್ಲ."

ಸ್ವಲ್ಪ ಹೊತ್ತು ಕಾಫಿ ಹೀರೋ ಸದ್ದು ಬಿಟ್ರೆ ಬೇರೆ ಏನಿಲ್ಲ.

"ತಿರುಪತಿ ಕಾಂಚನಬ್ರಹ್ಮ, ಪಂಢರಾಪುರ ನಾದಬ್ರಹ್ಮ, ಉಡುಪಿ ಅನ್ನಬ್ರಹ್ಮ ಅಂತಾರೆ" ಅಂದ್ರು ರಾಮಣ್ಣ, ಏನೋ ಹೇಳ್ಬೇಕಲ್ಲ ಅಂತ.

"ಹ್ಞಾಂ ರಾಮಣ್ಣ, ಅದೇ! ಅನ್ನಾನೇ ಬ್ರಹ್ಮ ಅಂದ ಊರಿಗೆ ಬಂದು ಇವರು ಊಟ ಬೇರೆ, ಪೂಜೆ ಬೇರೆ ಅಂತ ಬಾರ್ಡರ್ ಹಾಕಿಬಿಟ್ರು. ಚಿಕ್ಕವನಿದ್ದಾಗ ಅಜ್ಜಿ ಜೊತೆ ಧರ್ಮಸ್ಥಳಕ್ಕೆ ಹೋಗಿದ್ದೆ, ಛತ್ರದಲ್ಲಿ ಪಂಕ್ತೀಲಿ ಒಬ್ಬಳು ಬಿಳಿ ಹುಡುಗಿ ಅಜ್ಜಿ ಪಕ್ಕದಲ್ಲೇ ಕೂತಿದ್ಲು. ಬಡಿಸೋರು ಓಡ್ತಾ ಸಾರು ಸುರಿದ್ರು, ಅವಳಿಗೆ ಅನ್ನದಲ್ಲಿ ಗುಂಡಿ ಮಾಡ್ಕೋಬೇಕು ಅಂತ ಗೊತ್ತಿಲ್ಲ, ಸಾರೆಲ್ಲ ಎಲೆ ದಾಟಿ ಹರೀತಾ ಇದೆ, ಅವಳು ಗಾಬರಿಯಾಗಿ ನೋಡ್ತಾ ಕೂತಿದಾಳೆ. ನಮ್ಮಜ್ಜಿ ಮಡಿ ಅಂದ್ರೆ ಸಾಯೋಳು, ಯಾರಾದ್ರೂ ಸೆರಗು ಮುಟ್ಟಿದ್ರೆ ಸ್ನಾನ ಮಾಡೋಳು. ಅವಳೇ ಕೈ ಚಾಚಿ ಆ ಹುಡುಗಿ ಎಲೆ ಮೇಲಿನ ಅನ್ನಕ್ಕೆ ಕಟ್ಟೆ ಕಟ್ಟಿ, 'ಈಗ ತಿನ್ನಮ್ಮ' ಅಂದ್ಲು. ಕನ್ನಡದಲ್ಲೇ. ಬಸ್ ಹತ್ತಿದ್ಮೇಲೂ ಒಂದೇ ಚಿಂತೆ ಅವಳಿಗೆ, 'ಪಾಪ, ಅದಕ್ಕೆ ಅಮ್ಮ ಇಲ್ವೇನೋ' ಅಂತ."

ಕಿಟ್ಟಿ ಲೋಟ ಕೆಳಗಿಟ್ಟ. "ಆ ಹುಡುಗಿಗೆ ಶಾಂತಿ ಸಿಕ್ತಾ?"

"ಅದು ಗೊತ್ತಿಲ್ಲ ಕಣೋ. ಎರಡನೇ ಸಲ ಸಾರು ಹಾಕಿಸ್ಕೊಂಡ್ಲು."